ಹಳೇದಕ್ಕೆ ಏನಾಗಿತ್ತು?

ಹೊಸ ಕ್ಯಾಮೆರಾ ಕೊಂಡವನನ್ನು ಜನ ಮೊದಲು ಕೇಳುವುದು ಲೆನ್ಸಿನ ಬಗ್ಗೆ ಅಲ್ಲ, ಮೆಗಾಪಿಕ್ಸೆಲ್ಲಿನ ಬಗ್ಗೆಯೂ ಅಲ್ಲ. "ಹಳೇದಕ್ಕ ಏನಾಗಿತ್ರಿ ಸರ್?" ಎಂದು ಕೇಳುತ್ತಾರೆ. 2009ರಲ್ಲಿ ನಾನು ನನ್ನ ನಿಕಾನ್ ಡಿ40 ಬದಿಗಿಟ್ಟು ಡಿ90 ಕ್ಯಾಮೆರಾವನ್ನೂ ಅದರ ಜೊತೆಗೆ ಎಸ್‌ಬಿ-600 ಫ್ಲ್ಯಾಶನ್ನೂ ಕೊಂಡಾಗ ಗೋಪನಕೊಪ್ಪದ ನಮ್ಮ ಓಣಿಯಲ್ಲಿ ಇದನ್ನು ಕೇಳದೆ ಬಿಟ್ಟವರು ಕಡಿಮೆ. ಮನೆಯಲ್ಲಿ ಕೇಳಿದವರಿಗಂತೂ ಕೇಳುವ ಹಕ್ಕೇ ಇತ್ತು. ಎರಡರ ಬೆಲೆಯೂ ಸೇರಿದರೆ ಹೈಸ್ಕೂಲ್ ಮಾಸ್ತರನೊಬ್ಬನ ಮೂರು ತಿಂಗಳ ಸಂಬಳವನ್ನು ದಾಟುತ್ತಿತ್ತು.

ಪ್ರಾಮಾಣಿಕವಾಗಿ ಹೇಳುವುದಾದರೆ ಹಳೆಯದಕ್ಕೆ ಏನೂ ಆಗಿರಲಿಲ್ಲ. 2006ರ ಕೊನೆಗೆ ಬಿಡುಗಡೆಯಾದ ಡಿ40 ಆರು ಮೆಗಾಪಿಕ್ಸೆಲ್ಲಿನ ಸಣ್ಣ ಕ್ಯಾಮೆರಾ. ಬ್ಯಾಟರಿ ಬಿಟ್ಟರೆ ಅರ್ಧ ಕಿಲೋ ಕೂಡ ತೂಗದು. ಗೋಡೆಗೆ ನೇತುಹಾಕುವಷ್ಟು ದೊಡ್ಡ ಪ್ರಿಂಟಿಗೂ ಅದರ ಆರು ಮೆಗಾಪಿಕ್ಸೆಲ್ ಸಾಕು. ಪೂರ್ಣಚಂದ್ರ ತೇಜಸ್ವಿಯವರ ಹಕ್ಕಿಚಿತ್ರಗಳನ್ನು ನೋಡಿ ಕ್ಯಾಮೆರಾದ ಆಸೆ ಹುಟ್ಟಿಸಿಕೊಂಡ ತಲೆಮಾರು ನಮ್ಮದು. ಆ ಆಸೆಯಲ್ಲೇ ಉಣಕಲ್ ಕೆರೆಯ ದಂಡೆಯಲ್ಲಿ, ಬೆಂಗೇರಿ ಸಂತೆಯಲ್ಲಿ, ಬೆಳಗಿನ ಬಿಸಿಲಿನಲ್ಲಿ ಎರಡು ವರ್ಷ ಅದನ್ನು ಹಿಡಿದು ಓಡಾಡಿದ್ದೇನೆ. ಒಂದು ದಿನವೂ ಅದು ಕೈಕೊಡಲಿಲ್ಲ.

ಬಿಸಿಲಿನಲ್ಲಿ ಎಲ್ಲ ಕ್ಯಾಮೆರಾಗಳೂ ಒಳ್ಳೆಯವೇ. ನಮ್ಮ ಧಾರವಾಡ ಸೀಮೆಯ ಗುಡಿಗಳ ಫೋಟೋಗಳಿರುವ ದೊಡ್ಡ ಇಂಗ್ಲಿಷ್ ಪುಸ್ತಕವೊಂದು 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಗಿತ್ತು. ಬಿಗ್ಸ್, ಪಿಗೌ, ನೀಲ್ ಎಂಬ ಕಂಪನಿ ಸರಕಾರದ ನೌಕರರು 1850ರ ದಶಕದಲ್ಲಿ ತೆಗೆದ ಚಿತ್ರಗಳವು. ವಿದ್ಯುತ್ತಿಲ್ಲದ, ಫ್ಲ್ಯಾಶ್ ಇಲ್ಲದ ಕಾಲದಲ್ಲಿ ಸೂರ್ಯನೊಬ್ಬನನ್ನೇ ನಂಬಿ ತೆಗೆದ ಆ ಕಲ್ಲುಗೋಡೆಗಳನ್ನು ಇಂದು ನೋಡಿದರೂ ಬೆರಗಾಗುತ್ತದೆ. ಆದರೆ ಕಲ್ಲು ಅಲುಗಾಡುವುದಿಲ್ಲ, ಮನುಷ್ಯ ಅಲುಗಾಡುತ್ತಾನೆ. ಅದೂ ಅವನ ಬದುಕಿನ ಮುಖ್ಯ ಸಂಗತಿಗಳೆಲ್ಲ ನಡೆಯುವುದು ಮನೆಯೊಳಗೆ, ಟ್ಯೂಬ್‌ಲೈಟಿನ ಕೆಳಗೆ.

ಗೋಪನಕೊಪ್ಪ ಮೊದಲು ಹಳ್ಳಿ. ಹುಬ್ಬಳ್ಳಿ ಬೆಳೆದು ಅದನ್ನು ಒಳಗೆ ಸೇರಿಸಿಕೊಂಡಿತು. ಹಾಗಾಗಿ ಇಲ್ಲಿ ಆರ್‌ಸಿಸಿ ಮನೆಯ ಪಕ್ಕದಲ್ಲೇ ಹಂಚಿನ ಮನೆ, ಅದರ ಪಕ್ಕದಲ್ಲಿ ತಗಡಿನದು. ಇಂಥ ಮನೆಯಲ್ಲಿ ತೊಟ್ಟಿಲು ಕಾರ್ಯ, ನಿಶ್ಚಿತಾರ್ಥ ಏನಾದರೂ ಇದ್ದರೆ "ಮಾಸ್ತರ, ಒಂದೀಟು ಕ್ಯಾಮೆರಾ ತಗೊಂಡು ಬರ್ರಿ" ಎಂದು ಕರೆ ಬರುತ್ತಿತ್ತು. ಸಂಜೆ ಏಳಕ್ಕೆ ಒಂದೇ ಟ್ಯೂಬ್ ಇರುವ ಕೋಣೆಯಲ್ಲಿ ಡಿ40ಯ ಐಎಸ್‌ಒ 1600ಕ್ಕೆ ಏರಿಸಿದರೂ ಷಟರ್ ಸೆಕೆಂಡಿನ ಹದಿನೈದನೇ ಒಂದು ಭಾಗಕ್ಕೆ ಇಳಿಯುತ್ತಿತ್ತು. ತೊಟ್ಟಿಲು ತೂಗುವ ಕೈ ಹೊಗೆಯಂತೆ ಮೂಡುತ್ತಿತ್ತು. ಮುಖದ ತುಂಬ ಮರಳು ಚೆಲ್ಲಿದಂಥ ಕಾಳು ಬೇರೆ.

ಕ್ಯಾಮೆರಾದ ತಲೆಯ ಮೇಲೆ ಎದ್ದು ನಿಲ್ಲುವ ಪುಟ್ಟ ಫ್ಲ್ಯಾಶ್ ಇತ್ತಲ್ಲ ಎನ್ನಬಹುದು. ಇತ್ತು. ಫ್ಲ್ಯಾಶಿನ ಶಕ್ತಿಯನ್ನು ಗೈಡ್ ನಂಬರ್ ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ಆ ಸಂಖ್ಯೆಯನ್ನು ಲೆನ್ಸಿನ ಎಫ್-ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಎಷ್ಟು ಮೀಟರ್ ಮುಟ್ಟುತ್ತದೆಂಬುದು ಸಿಗುತ್ತದೆ. ಐಎಸ್‌ಒ 100ರಲ್ಲಿ ಡಿ40ಯ ಫ್ಲ್ಯಾಶಿನದು 12, ಎಸ್‌ಬಿ-600ರದು 30. ಎಫ್ 4ರಲ್ಲಿ ಮೊದಲನೆಯದು ಮೂರು ಮೀಟರಿಗೆ ಸುಸ್ತಾದರೆ ಎರಡನೆಯದು ಏಳೂವರೆ ಮೀಟರ್ ಹೋಗುತ್ತದೆ. ಆದರೆ ದೂರವೇ ಎಲ್ಲವೂ ಅಲ್ಲ. ಸಣ್ಣ ಫ್ಲ್ಯಾಶ್ ನೇರ ಮುಖಕ್ಕೆ ಹೊಡೆಯುತ್ತದೆ. ಹಣೆ, ಮೂಗು ಮಿನುಗುತ್ತವೆ, ಕಣ್ಣು ಕೆಂಪಗಾಗುತ್ತವೆ, ಹಿಂದಿನ ಗೋಡೆಯ ಮೇಲೆ ಕರಿ ನೆರಳೊಂದು ಅಂಟಿಕೊಳ್ಳುತ್ತದೆ. ದೂರ ಎರಡರಷ್ಟಾದರೆ ಬೆಳಕು ಕಾಲುಭಾಗಕ್ಕೆ ಇಳಿಯುವುದರಿಂದ ಮುಂದೆ ಕೂತವರು ಸುಣ್ಣ ಬಳಿದಂತೆಯೂ ಹಿಂದೆ ನಿಂತವರು ಗುಹೆಯಲ್ಲಿದ್ದಂತೆಯೂ ಕಾಣುತ್ತಾರೆ. ನಮ್ಮವ್ವ ಕಣ್ಣಿನ ಆಪರೇಷನ್ ಆದಮೇಲೆ "ಕಣ್ಣಾಗ ಮಿಂಚು ಹೊಡದಂಗ ಆಗತೈತಪಾ, ಬ್ಯಾಡ" ಎಂದು ಸೆರಗು ಅಡ್ಡ ಹಿಡಿಯುತ್ತಿದ್ದಳು.

ಎಸ್‌ಬಿ-600ರ ತಲೆಯನ್ನು ಮೇಲಕ್ಕೂ ಪಕ್ಕಕ್ಕೂ ತಿರುಗಿಸಬಹುದು. ಬೆಳಕನ್ನು ಛಾವಣಿಗೆ ಹೊಡೆದರೆ ಅದು ಅಲ್ಲಿಂದ ಹರಡಿ ಮೆತ್ತಗೆ ಕೆಳಗಿಳಿಯುತ್ತದೆ. ಫ್ಲ್ಯಾಶಿನ ಪುಸ್ತಿಕೆಯ ಚಿತ್ರದಲ್ಲಿ ಬಿಳಿ ಛಾವಣಿಯ ಕೆಳಗೆ ನಗುವ ಕುಟುಂಬವೊಂದು ಇರುತ್ತದೆ. ಆ ಪುಸ್ತಿಕೆ ಬರೆದವರು ಗೋಪನಕೊಪ್ಪದ ಹಂಚಿನ ಮನೆ ನೋಡಿದವರಲ್ಲ. ಹೊಗೆ ಹಿಡಿದ ಹಂಚು ಬೆಳಕನ್ನು ನುಂಗುತ್ತದೆ, ಒಂದಿಷ್ಟೂ ಹಿಂದಕ್ಕೆ ಕೊಡುವುದಿಲ್ಲ. ಛಾವಣಿ ಬಿಟ್ಟು ಗೋಡೆಗೆ ತಿರುಗಿಸೋಣವೆಂದರೆ ಅರ್ಧ ಊರಿನ ಗೋಡೆಗೆ ಗಿಳಿಹಸಿರು ಬಣ್ಣ. ಗೋಡೆಯ ಬಣ್ಣವನ್ನೇ ಹೊತ್ತು ಬೆಳಕು ಮುಖದ ಮೇಲೆ ಕೂರುತ್ತದೆ. ಹಸೆಯ ಮೇಲಿನ ಮದುಮಗ ಕಾಮಾಲೆ ರೋಗಿಯಂತೆ ಕಾಣುತ್ತಾನೆ. ಇದಕ್ಕೆ ನನಗೆ ಸಿಕ್ಕ ಉಪಾಯವೆಂದರೆ ಥರ್ಮೋಕೋಲ್ ಹಾಳೆ. ಮದುವೆಮನೆಯಲ್ಲಿ ಅಲಂಕಾರಕ್ಕೆ ತಂದು ಉಳಿದ ಒಂದು ತುಂಡು ಹೇಗೂ ಇರುತ್ತದೆ. ಅದನ್ನು ಯಾರಾದರೂ ಹುಡುಗನ ಕೈಗೆ ಕೊಟ್ಟು ಎತ್ತಿ ಹಿಡಿಸಿ ಅದಕ್ಕೆ ಫ್ಲ್ಯಾಶ್ ತಿರುಗಿಸಿದರೆ ಕಿಟಕಿಯ ಬೆಳಕಿನಂಥ ಬೆಳಕು. ಥರ್ಮೋಕೋಲ್ ಇಲ್ಲದ ಕಡೆ ಬಿಳಿ ಲುಂಗಿಯೂ ನಡೆದಿದೆ.

ಇನ್ನೊಂದು ತೊಡಕು ನಮ್ಮ ಸಮಾರಂಭಗಳಿಗೇ ವಿಶೇಷವಾದದ್ದು. ಕ್ಯಾಮೆರಾಕ್ಕೆ ಬಟ್ಟೆ ಗೊತ್ತಿಲ್ಲ. ತನ್ನ ಮುಂದಿರುವುದನ್ನೆಲ್ಲ ಕೂಡಿಸಿದರೆ ಮಧ್ಯಮ ಬೂದು ಬಣ್ಣ ಬರಬೇಕೆಂದು ಅದು ನಂಬಿರುತ್ತದೆ. ಬಿಳಿ ಜುಬ್ಬಾ, ಬಿಳಿ ಟೊಪ್ಪಿಗೆಯ ಹತ್ತು ಮಂದಿ ಸಾಲಾಗಿ ಕೂತರೆ ಬೆಳಕು ಹೆಚ್ಚಾಯಿತೆಂದು ತಿಳಿದು ಫ್ಲ್ಯಾಶನ್ನು ತಗ್ಗಿಸುತ್ತದೆ. ಜುಬ್ಬಾ ಮಾಸಲು, ಮುಖ ಕಪ್ಪು. ಕರಿ ಬುರ್ಖಾ ತೊಟ್ಟ ಮೂವರು ಅಜ್ಜಿಯರು ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡರೆ ಕತ್ತಲೆಯೆಂದು ತಿಳಿದು ಪೂರ್ತಿ ಶಕ್ತಿಯಿಂದ ಹೊಡೆಯುತ್ತದೆ. ಮಗುವಿನ ಮುಖ ಕಾಗದದಂತೆ ಬೆಳ್ಳಗೆ. ಬಿಳಿಗೆ ಒಂದು ಮೆಟ್ಟಿಲು ಹೆಚ್ಚಿಸಬೇಕು, ಕರಿಗೆ ಒಂದು ಮೆಟ್ಟಿಲು ಇಳಿಸಬೇಕು. ಬುದ್ಧಿವಂತ ಯಂತ್ರ ಎದುರಿಗಿರುವಾಗ ಅದಕ್ಕೆ ವಿರುದ್ಧವಾಗಿ ನಡೆಯಬೇಕೆಂಬುದು ಮನಸ್ಸಿಗೆ ಬರುವುದು ತಡ.

ಓಣಿಯ ಹಿರಿಯರೊಬ್ಬರು ತಮ್ಮ ಫಿಲ್ಮ್ ಕಾಲದ ಫ್ಲ್ಯಾಶ್ ತಂದು, "ಇದ ಇರಲಿಲ್ಲೇನು, ದುಡ್ಡು ಯಾಕ ಸುರಿದ್ರಿ?" ಎಂದರು. ಫಿಲ್ಮಿನ ಫ್ಲ್ಯಾಶ್, ಫಿಲ್ಮಿನ ಮೇಲೆ ಬಿದ್ದು ಮರಳುವ ಬೆಳಕನ್ನು ಅಳೆದು ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತಿತ್ತು. ಡಿಜಿಟಲ್ ಸಂವೇದಕದ ಹೊಳಪೇ ಬೇರೆ, ಅಲ್ಲಿ ಆ ಲೆಕ್ಕ ಕೂಡುವುದಿಲ್ಲ. ಅದಕ್ಕೇ ಹೊಸ ಫ್ಲ್ಯಾಶ್‌ಗಳು ಷಟರ್ ತೆರೆಯುವ ಮೊದಲು ಸಣ್ಣದೊಂದು ಮಿಂಚು ಬಿಟ್ಟು ಅಳತೆ ಮಾಡಿ ಆಮೇಲೆ ನಿಜವಾದ ಮಿಂಚು ಹೊಡೆಯುತ್ತವೆ. ಆ ಮೊದಲ ಮಿಂಚಿಗೇ ಕೆಲವರು ಕಣ್ಣು ಮುಚ್ಚಿಬಿಡುವುದೂ ಉಂಟು. ಅದಲ್ಲದೆ ಕೆಲವು ಹಳೆಯ ಫ್ಲ್ಯಾಶ್‌ಗಳ ಕಾಲಿನಲ್ಲಿ ಇನ್ನೂರು ವೋಲ್ಟ್ ದಾಟಿದ ವಿದ್ಯುತ್ ಇರುತ್ತದೆ, ಡಿಜಿಟಲ್ ಕ್ಯಾಮೆರಾವನ್ನು ಸುಟ್ಟೀತು. ಇಷ್ಟೆಲ್ಲ ಕೇಳಿದ ಹಿರಿಯರು, "ಹಂಗಾದ್ರ ಇದನ್ನ ಮೊಮ್ಮಗಗ ಆಡಾಕ ಕೊಡತೀನಿ" ಎಂದರು. ಅದೂ ಬೇಡವೆಂದು ಕೈಮುಗಿದೆ.

ಈಗ ಹಳೆಯದರ ವಿಷಯ. ಡಿ40 ಎಲ್ಲಿಗೆ ಹೋಯಿತು ಎಂಬುದಕ್ಕಿಂತ ಮೊದಲು ಫಿಲ್ಮ್ ಕಾಲದ ಒಂದು ಸಂಗತಿ ಹೇಳಬೇಕು. ಕೊಡಾಕ್ ಕೆಬಿ-10ರಂಥ ಅಗ್ಗದ ಕ್ಯಾಮೆರಾ 1990ರ ದಶಕದಲ್ಲಿ ಎಷ್ಟೋ ಮನೆಗಳಿಗೆ ಬಂದಿತ್ತು. ಆದರೂ ಪರದೆ ಪಾಲಿಸುವ ಮನೆಗಳ ಹೆಣ್ಣುಮಕ್ಕಳ ಆಲ್ಬಮ್ಮು ತೆಳ್ಳಗೇ ಉಳಿಯಿತು. ಫೋಟೋ ತೆಗೆಯುವವಳು ಅಕ್ಕನೇ ಇರಬಹುದು, ರೋಲು ತೊಳೆಯುವವನು ಯಾರು? ಮೂವತ್ತಾರು ಚಿತ್ರಗಳೂ ಪರಿಚಯವಿಲ್ಲದ ಲ್ಯಾಬಿನವನ ಕಣ್ಣು ದಾಟಿಯೇ ಮನೆಗೆ ಬರಬೇಕು. "ಬ್ಯಾಡ ಬಿಡ್ರಿ" ಎಂದು ಸುಮ್ಮನಾದವರನ್ನು ನಾನು ಬಲ್ಲೆ. ಕೆಲವರು ಫೋಟೋವೇ ಬೇಡ ಎನ್ನುವವರು, ಅದು ಬೇರೆ ಮಾತು, ಅವರ ಮುಂದೆ ಕ್ಯಾಮೆರಾ ಎತ್ತಬಾರದು ಅಷ್ಟೇ. ಇವರು ಬೇಕು ಎನ್ನುವವರು. ಮದುವೆಯ ಹಿಂದಿನ ರಾತ್ರಿ ಅರಿಶಿನ ಹಚ್ಚುವಾಗ ನಕ್ಕ ತಾಯಿಯ ಮುಖ ಅವರಿಗೂ ಬೇಕಿತ್ತು.

ಹೊಸ ಕ್ಯಾಮೆರಾ ಬಂದ ತಿಂಗಳಲ್ಲೇ ನಮ್ಮ ಓಣಿಯ ದರ್ಜಿ ಚಾಚಾ ಮನೆಗೆ ಬಂದರು. ಹಿರಿಯ ಮಗಳ ಮದುವೆ ಗೊತ್ತಾಗಿತ್ತು. "ಗಂಡಸರ ಕಡೆ ಸ್ಟುಡಿಯೋದವರಿಗೆ ಹೇಳೀನ್ರಿ ಮಾಸ್ತರ. ಒಳಗ ಮಾತ್ರ..." ಎಂದು ನಿಲ್ಲಿಸಿದರು. ಅವರ ಎರಡನೆಯ ಮಗಳು ನನ್ನ ಹಳೆಯ ವಿದ್ಯಾರ್ಥಿನಿ, ಆಗ ಪಿಯುಸಿ ಓದುತ್ತಿದ್ದಳು. ಡಿ40 ಅವಳ ಕೈಗೆ ಹೋಯಿತು.

ಎಂಟು ದಿನ ಸಂಜೆ ಪಾಠ. ಕಲಿಯುವುದರಲ್ಲಿ ಚುರುಕು. ಪಾಠದ ಕಷ್ಟ ಮದುವೆಮನೆಯ ಕಾರ್ಯಗಳು ಶುರುವಾದ ಮೇಲೆ ಗೊತ್ತಾಯಿತು. ಅವಳು ತೆಗೆದ ಚಿತ್ರಗಳನ್ನು ನಾನು ನೋಡುವಂತಿಲ್ಲ. ನೋಡದೆ ತಿದ್ದಬೇಕು. ವೈದ್ಯರು ಫೋನಿನಲ್ಲಿ ರೋಗ ಕೇಳಿದಂತೆ ಕೇಳುತ್ತಿದ್ದೆ.

"ಎಲ್ಲಾ ಹಳದಿ ಬಂದಾವ್ರಿ ಸರ್."

"ಅರಿಶಿನ ಹಚ್ಚಿದ್ದಕ್ಕೋ, ಬಲ್ಬಿಗೋ? ಹಿಂದಿನ ಗೋಡೆ ಯಾವ ಬಣ್ಣದ್ದು?"

"ಗ್ವಾಡಿ ಸುಣ್ಣದ್ದರಿ. ಅದೂ ಹಳದೀನ."

ಹಾಗಾದರೆ ಬಲ್ಬಿನದೇ ಕೆಲಸ. ಬಲ್ಬಿನ ಬೆಳಕು ಕಣ್ಣಿಗೆ ಬಿಳಿ ಎನಿಸಿದರೂ ಕ್ಯಾಮೆರಾಕ್ಕೆ ಕಿತ್ತಳೆ. ವೈಟ್ ಬ್ಯಾಲೆನ್ಸ್ ಬದಲಿಸಲು ಹೇಳಿದೆ. ಮರುದಿನ, "ಈಗ ಗ್ವಾಡಿ ಬೆಳ್ಳಗಾಗೈತಿ, ಅಕ್ಕನ ಗಲ್ಲ ಮಾತ್ರ ಹಳದಿ" ಎಂದಳು. ಅದು ಹಳದಿ ಇರಬೇಕಾದದ್ದೇ. ಟ್ಯೂಬಿನ ಕೆಳಗೆ ಒಂದು ಚಿತ್ರ ಹಸಿರು, ಒಂದು ಬಿಳಿ ಏಕೆ ಎಂದು ಕೇಳಿದಳು. ನಮ್ಮ ಕರೆಂಟು ಸೆಕೆಂಡಿಗೆ ಐವತ್ತು ಸುತ್ತು, ಹಳೆಯ ಟ್ಯೂಬು ನೂರು ಸಲ ಮಿಣುಕುತ್ತದೆ, ಷಟರನ್ನು ನೂರನೇ ಒಂದು ಭಾಗಕ್ಕಿಂತ ವೇಗ ಮಾಡಬೇಡ ಎಂದೆ. ವಿಜ್ಞಾನದ ವಿದ್ಯಾರ್ಥಿನಿ, ಅಲ್ಲೇ ತಲೆ ಆಡಿಸಿದಳು.

ಕಾರ್ಡಿನ ಕರಾರು ಮಾತ್ರ ಅವಳ ತಾಯಿಯದು. ಎರಡು ಜಿಬಿಯ ಹೊಸ ಕಾರ್ಡು ತರಿಸಿದರು. ಆರು ಮೆಗಾಪಿಕ್ಸೆಲ್ಲಿನ ಐದುನೂರಕ್ಕೂ ಹೆಚ್ಚು ಚಿತ್ರ ಹಿಡಿಯುತ್ತದೆ. ಕಾರ್ಯ ಮುಗಿದ ರಾತ್ರಿ ಹೆಂಗಸರೆಲ್ಲ ಕೂತು ಕ್ಯಾಮೆರಾದ ಎರಡೂವರೆ ಇಂಚಿನ ಪರದೆಯಲ್ಲೇ ನೋಡಿ, ಯಾರಿಗೆ ತಮ್ಮದು ಬೇಡವೋ ಅವರದನ್ನು ಅಲ್ಲೇ ಅಳಿಸಿದರಂತೆ. ಅಳಿಸಿದ್ದು ನಿಜವಾಗಿ ಹೋಗುವುದಿಲ್ಲ, ಆ ಜಾಗದ ಮೇಲೆ ಬೇರೇನಾದರೂ ಬರೆಯುವವರೆಗೆ ತಂತ್ರಾಂಶದಿಂದ ಹೊರತೆಗೆಯಬಹುದು ಎಂದು ನಾನು ಮೊದಲೇ ಹೇಳಿದ್ದೆ. ಅದಕ್ಕೇ ಕಾರ್ಡು ಕ್ಯಾಮೆರಾದ ಜೊತೆ ನನ್ನ ಬಳಿ ಮರಳಲಿಲ್ಲ. ತಾಯಿ ಅದನ್ನು ಬಂಗಾರದ ಡಬ್ಬಿಯಲ್ಲಿಟ್ಟರು. ಪ್ರಿಂಟಿಗೆ ಆರಿಸಿದ ಇಪ್ಪತ್ತು ಚಿತ್ರಗಳಿಗೆ ಸ್ಟುಡಿಯೋಕ್ಕೆ ತಾಯಿ-ಮಗಳೇ ಹೋದರು. ಸ್ಟುಡಿಯೋದವರು ತಮ್ಮ ಹೆಂಡತಿಯನ್ನು ಕರೆಸಿ ಯಂತ್ರದ ಮುಂದೆ ಕೂರಿಸಿ, ತಾವು ಚಹಾ ಕುಡಿಯಲು ಹೊರಗೆ ಹೋದರಂತೆ. ಹವ್ಯಾಸಿಗಳು ಮನೆಮನೆಗೆ ಕ್ಯಾಮೆರಾ ಹಿಡಿದು ಹೊರಟರೆ ಸ್ಟುಡಿಯೋದವರ ಹೊಟ್ಟೆ ಏನಾಗಬೇಕೆಂಬ ಪ್ರಶ್ನೆ ನನ್ನ ತಲೆಯಲ್ಲೂ ಇತ್ತು. ಗಂಡಸರ ಕಡೆಯ ಕೆಲಸವನ್ನು ನಾನು ಎಂದೂ ಒಪ್ಪಿಕೊಂಡಿಲ್ಲ. ಒಳಗಿನ ಚಿತ್ರಗಳು ಅವರಿಗೆ ಹೇಗೂ ಸಿಗುತ್ತಿರಲಿಲ್ಲ, ಈಗ ಪ್ರಿಂಟಾದರೂ ಸಿಕ್ಕಿತು.

ನಾನು ನೋಡಿದ್ದು ಒಂದೇ ಚಿತ್ರ. ಅವಳೇ ತಂದು ತೋರಿಸಿದ್ದು. ಢೋಲಕಿಯ ಮೇಲೆ ಅಜ್ಜಿಯ ಎರಡು ಕೈ, ಉಬ್ಬಿದ ನರ, ಅಂಗೈ ಅಂಚಿನಲ್ಲಿ ಮದರಂಗಿ. ಪಕ್ಕದಿಂದ ಬಿದ್ದ ಬೆಳಕು. ಡಿ40ಯ ತಲೆಯ ಮೇಲಿನ ಫ್ಲ್ಯಾಶಿನಿಂದ ಅಂಥ ಬೆಳಕು ಬರುವುದಿಲ್ಲ. ಹೇಗೆ ಎಂದೆ. ಫ್ಲ್ಯಾಶ್ ಮುಚ್ಚಿ, ಬಾಗಿಲು ತೆರೆದಿಟ್ಟು, ಹೊರಗಿನ ಪೆಂಡಾಲಿನ ಬೆಳಕು ಒಳಗೆ ಬರುವಂತೆ ಮಾಡಿ, ಕ್ಯಾಮೆರಾವನ್ನು ಅಕ್ಕಿ ಡಬ್ಬಿಯ ಮೇಲಿಟ್ಟಿದ್ದಳು. ಹನ್ನೆರಡು ಮೆಗಾಪಿಕ್ಸೆಲ್ಲಿನ ನನ್ನ ಡಿ90ಯಲ್ಲಿ ಆ ವರ್ಷ ಅಂಥದೊಂದು ಚಿತ್ರ ಬರಲಿಲ್ಲ.

ಆ ನಂತರ ಓಣಿಯಲ್ಲಿ ಎಷ್ಟೋ ಮದುವೆಗಳ ಒಳಮನೆಗೆ ಅವಳನ್ನೇ ಕರೆದರು. ಈಗ ಎಲ್ಲರ ಕೈಯಲ್ಲೂ ಫೋನಿದೆ. ಫೋನು ಕತ್ತಲೆಯಲ್ಲೂ ಹಲವು ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸಿ ಬೆಳಕು ಮಾಡಿಕೊಡುತ್ತದೆ. ಆದರೆ ಬಂಗಾರದ ಡಬ್ಬಿಯ ಕರಾರು ಫೋನಿಗೆ ನಡೆಯುವುದಿಲ್ಲ. ಹೆಂಗಸರ ಕಡೆಯ ಚಿತ್ರ ರಾತ್ರಿ ಕಳೆಯುವುದರೊಳಗೆ ಯಾವ ಯಾವ ವಾಟ್ಸಾಪ್ ಗುಂಪಿನಲ್ಲಿರುತ್ತದೋ ಹೇಳಲಾಗದು. ಹೋದ ವರ್ಷ ಇಲ್ಲೇ ಒಂದು ಮದುವೆಯಲ್ಲಿ ಒಳಮನೆಯ ಬಾಗಿಲಲ್ಲಿ ಬುಟ್ಟಿಯಿಟ್ಟು, ಫೋನೆಲ್ಲ ಅದರಲ್ಲಿ ಹಾಕಿ ಒಳಗೆ ಬರಬೇಕೆಂದರು. ಒಳಗೆ ಒಂದೇ ಕ್ಯಾಮೆರಾ, ಒಂದೇ ಕಾರ್ಡು.

ಆ ಕ್ಯಾಮೆರಾ ಡಿ40ಯೇ. ಬ್ಯಾಟರಿ ಎರಡು ಸಲ ಬದಲಾಗಿದೆ, ರಬ್ಬರು ಕಿತ್ತಿದೆ, ಷಟರ್ ಗಟ್ಟಿಯಾಗಿದೆ. ಮದುವೆಗೆ ನಾಲ್ಕು ದಿನ ಮೊದಲು ಅವಳು ಫೋನು ಮಾಡಿ, "ಸರ್, ಆ ಮನೀದು ಆರ್‌ಸಿಸಿ, ಛಾವಣಿಗೆ ಬಿಳಿ ಬಣ್ಣ ಐತ್ರಿ. ನಿಮ್ಮ ದೊಡ್ಡ ಫ್ಲ್ಯಾಶ್ ಕೊಡತೀರೇನು?" ಎಂದು ಕೇಳಿದಳು. ಕೊಟ್ಟೆ. ಇನ್ನೂ ಅವಳ ಹತ್ತಿರವೇ ಇದೆ. ಅದಕ್ಕೆ ನಾಲ್ಕು ಸೆಲ್ ಬೇಕು, ಅವನ್ನು ಅವಳೇ ಚಾರ್ಜ್ ಮಾಡಿಕೊಳ್ಳುತ್ತಾಳೆ.