ಕೂದಲೆಳೆಯ ಲೆಕ್ಕ

ಕೇರಳದಲ್ಲಿ ಎಸ್ಸೆಸ್ಸೆಲ್ಸಿಗೆ ಗ್ರೀಸು ಮೆತ್ತಿಕೊಂಡ ತಮ್ಮನೊಬ್ಬನಿದ್ದಾನೆ. ಹೆಸರು ಟಿಎಚ್‌ಎಸ್‌ಎಲ್‌ಸಿ, ಅಂದರೆ ಟೆಕ್ನಿಕಲ್ ಹೈಸ್ಕೂಲಿನ ಪರೀಕ್ಷೆ. ಸರಕಾರದ್ದೇ ಇಂಥ 39 ಶಾಲೆಗಳಿವೆ. ಎಂಟನೆಯ ತರಗತಿಗೆ ಸೇರಿದವರು ಪೈಥಾಗೊರಸನ ಜತೆಗೇ ಫಿಟ್ಟಿಂಗು, ಟರ್ನಿಂಗು, ವೆಲ್ಡಿಂಗನ್ನೂ ಕಲಿಯಬೇಕು. ಕಾಸರಗೋಡಿನ ಕನ್ನಡದ ಮನೆಯಿಂದ ಹೋಗಿ ಅಂಥದೊಂದರಲ್ಲಿ ಕಲಿತವನು ನಾನು. ಮನೆಯಲ್ಲಿ ಕನ್ನಡ, ಬಸ್ಸಿನಲ್ಲಿ ತುಳು, ಪುಸ್ತಕದಲ್ಲಿ ಇಂಗ್ಲಿಷು. ಬೈಗುಳಕ್ಕೆ ಮಾತ್ರ ಮಲಯಾಳ.

ಮೊದಲ ಪಾಠ, ಮೈಲ್ಡ್ ಸ್ಟೀಲಿನ ತುಂಡೊಂದನ್ನು ವೈಸಿಗೆ ಕಚ್ಚಿಸಿ ಅರದಿಂದ ಉಜ್ಜಿ ಸಮತಟ್ಟು ಮಾಡುವುದು. ಕೇಳಲಿಕ್ಕೆ ಸುಲಭ. ಅರ ಕೊಯ್ಯುವುದು ಮುಂದಕ್ಕೆ ಹೋಗುವಾಗ. ಹಿಂದಕ್ಕೆ ಬರುವಾಗ ಒತ್ತಿದರೆ ಹಲ್ಲು ಹೋಗುತ್ತದೆ, ಅರದ್ದು. ಹೊಸ ಕೈ ತೂಗಾಡುವುದರಿಂದ ಅಂಚು ಸವೆದು ನಡು ಉಬ್ಬುತ್ತದೆ. ನಮ್ಮ ಮೇಷ್ಟ್ರು, ಅಲ್ಲಿಯವರ ಬಾಯಲ್ಲಿ ಮಾಷ್, ತುಂಡಿಗೆ ಟ್ರೈಸ್ಕ್ವೇರ್ ಎಂಬ ಮೂಲೆಮಟ್ಟ ಒತ್ತಿ, ಕಿಟಕಿಯತ್ತ ಎತ್ತಿ, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಸಂದಿಯಲ್ಲಿ ಬೆಳಕಿನ ಎಳೆ ನುಸುಳಿತೋ, "ಶರಿಯಾಯಿಲ್ಲ." ಬೊಬ್ಬೆ ಎದ್ದ ಅಂಗೈಯಲ್ಲಿ ಮತ್ತೆ ಅರ.

ಆಮೇಲೆ ಕೈಗೆ ವರ್ನಿಯರ್ ಬಂತು, 0.02 ಮಿಲಿಮೀಟರ್ ತೋರಿಸುವಂಥದ್ದು. ಅದರ ಹಿಂದೆಯೇ 0.01ರ ಮೈಕ್ರೋಮೀಟರ್. ತಲೆಗೂದಲ ದಪ್ಪವೇ ಸುಮಾರು 0.07. ಹದಿಮೂರರ ಹುಡುಗನಿಗೆ ಇಷ್ಟು ಸಣ್ಣದನ್ನು ತೋರಿಸುವುದು ಸಂಸಾರಕ್ಕೆ ಒಳ್ಳೆಯದಲ್ಲ. ನೀರುದೋಸೆಯ ನಡುವಿನ ದಪ್ಪ ಅಂಚಿನಲ್ಲಿಲ್ಲ ಎಂದು ನಾನು ತಕರಾರು ತೆಗೆದಾಗ ಅಮ್ಮ, "ತಿಂದು ಏಳು, ಅಳೆಯಲಿಕ್ಕೆ ಅದೇನು ಪಿಸ್ಟನ್ನಾ?" ಎಂದಳು.

ಬೇರೆ ಶಾಲೆಯ ಮಕ್ಕಳು ಪ್ರವಾಸದಲ್ಲಿ ಅರಮನೆ ನೋಡಿದರೆ ನಮಗೆ ಕೊಚ್ಚಿಯ ಕಳಮಶ್ಶೇರಿಯ ಎಚ್‌ಎಂಟಿ ಕಾರ್ಖಾನೆ. 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಶುರುವಾದ ಕಂಪನಿ ಎಂದು ನಾನೊಬ್ಬನೇ ಬೀಗಿದೆ, ಯಾರೂ ಗಮನಿಸಲಿಲ್ಲ. ಅಲ್ಲಿಂದ ತಿರುವನಂತಪುರದ ತುಂಬಾ ಎಂಬ ಊರಿಗೆ. 1963ರ ನವೆಂಬರ್ 21ರಂದು ದೇಶದ ನೆಲದಿಂದ ಬಾಹ್ಯಾಕಾಶದತ್ತ ಮೊದಲ ರಾಕೆಟ್ ಹಾರಿದ್ದು ಅಲ್ಲಿಂದಲೇ. ರಾಕೆಟಿನವರಿಗೆ ಬಿಟ್ಟುಕೊಟ್ಟ ಸೇಂಟ್ ಮೇರಿ ಮಗ್ದಲೀನ್ ಇಗರ್ಜಿ ಈಗ ಮ್ಯೂಸಿಯಂ. ರಾಕೆಟಿನ ಮೂತಿಯನ್ನು ಸೈಕಲ್ಲಿನ ಕ್ಯಾರಿಯರಿನಲ್ಲಿ ಸಾಗಿಸುವ ಚಿತ್ರದ ಮುಂದೆ ಎಲ್ಲರೂ ನಿಂತೇ ನಿಂತರು. ಮಾಷ್‌ಗೆ ಸೈಕಲ್ ಬೇಡ. ಮಾದರಿಯ ಮೂತಿ ಮೈಗೆ ಕೂಡುವ ಜಾಗ ತೋರಿಸಿ, "ಈ ಸಂದಿಯಲ್ಲಿ ಉಗುರು ಹೋಗುತ್ತದಾ ನೋಡಿ. ಇದನ್ನು ಯಾವನೋ ಲೇತಿನ ಮುಂದೆ ನಿಂತು ಮಾಡಿದ್ದಾನೆ" ಎಂದರು. ವಿಜ್ಞಾನಿಗಳ ಹೆಸರು ಗೋಡೆಯ ಮೇಲಿತ್ತು. ಅವನದ್ದನ್ನು ನಾನು ಹುಡುಕಿದೆ, ಸಿಗಲಿಲ್ಲ.

ನಾನು ಕೊನೆಗೆ ಸೇರಿದ್ದು ಬ್ಯಾಂಕಿಗೆ. ಅಲ್ಲಿ ಪೈಸೆಯನ್ನೂ ರೂಪಾಯಿಗೆ ಏರಿಸಿಯೋ ಇಳಿಸಿಯೋ ಬಿಡುತ್ತಾರೆ.

ಈಗ ಕೊಚ್ಚಿಯಲ್ಲಿರುವ ಅಕ್ಕನ ಮಗ ಹೈಸ್ಕೂಲಿನಲ್ಲೇ ಕಂಪ್ಯೂಟರ್ ಹೇಳಿದಂತೆ ಲೋಹ ಕೊಯ್ಯುವ ಸಿಎನ್‌ಸಿ ಕಲಿಯುತ್ತಿದ್ದಾನೆ. ಅಕ್ಕನೊಂದಿಗೆ ನಮ್ಮಲ್ಲಿಗೆ ಬಂದಾಗ ಅವನ ಅಂಗೈ ನೋಡಿದೆ: ಹೂವು. ಉಜ್ಜುವುದಿಲ್ಲ, ಟೈಪ್ ಮಾಡುತ್ತಾನೆ. "ಮಾವಾ, ಎಕ್ಸ್ ಹತ್ತು ಅಂತ ಹೊಡೆದು ಚುಕ್ಕೆ ಬಿಟ್ಟರೆ ಎಷ್ಟೋ ಮೆಷಿನ್‌ಗಳು ಅದನ್ನು ಹತ್ತು ಮಿಲಿಮೀಟರ್ ಅನ್ನುವುದಿಲ್ಲ, ಹತ್ತು ಮೈಕ್ರಾನ್ ಅಂದುಕೊಳ್ಳುತ್ತವೆ." ನಮ್ಮ ಕಾಲದಲ್ಲಿ ಟೂಲಿಗೂ ಕಬ್ಬಿಣಕ್ಕೂ ನಡುವೆ ಸಿಗರೇಟಿನ ತೆಳುಕಾಗದ ಹಿಡಿದು, ಟೂಲ್ ಅದನ್ನು ಕಚ್ಚಿ ಎಳೆದಾಗ ಕಾಗದದ ದಪ್ಪ ಕಳೆದು ಸೊನ್ನೆ ಹಿಡಿಯುತ್ತಿದ್ದೆವು ಎಂದೆ. "ಈಗ ಪ್ರೋಬ್ ಇದೆ" ಎಂದ. ಸ್ವಲ್ಪ ಹೊತ್ತು ಬಿಟ್ಟು, "ಸಿಗರೇಟು ಯಾರದ್ದು?" ಎಂದು ಕೇಳಿದ. ಅಕ್ಕ ಅಡುಗೆಮನೆಯಿಂದ ಇಣುಕಿದಳು.

ಮಾತು ತಿರುಗಿಸಲೆಂದು, ಕಾಗದ ಹಾರದಂತೆ ಮೇಜಿನ ಮೇಲಿಟ್ಟುಕೊಂಡಿರುವ ನನ್ನ ಶಾಲೆಯ ತುಂಡನ್ನು ಅವನ ಕೈಗೆ ಕೊಟ್ಟೆ. ಡಿಜಿಟಲ್ ಕ್ಯಾಲಿಪರ್ ಹಿಡಿದು ನಾಲ್ಕು ಕಡೆ ಅಳೆದ. ನಾಲ್ಕು ಅಂಕಿ ಬಂತು.

"ಇದನ್ನು ನಿಮ್ಮ ಮಾಷ್ ಹೇಗೆ ಪಾಸ್ ಮಾಡಿದರು ಮಾವಾ?"

"ಆಟಿ ತಿಂಗಳು ಮಾರಾಯ, ಜಡಿಮಳೆ. ಕಿಟಕಿಯಲ್ಲಿ ಬೆಳಕೇ ಇರಲಿಲ್ಲ."