ದಿಗಿಣವೂ ಮೀನಖಂಡವೂ

ಸ್ಮರಣ ಸಂಚಿಕೆಗೊಂದು ಲೇಖನ ಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಗಡಿನಾಡಿನ ಶಾಲೆಗಳ ಬಗೆಗೋ ಭಾಷೆಯ ಅಳಿವು ಉಳಿವಿನ ಬಗೆಗೋ ನಾನು ಬರೆಯುವೆನೆಂದು ಅವರು ನಿರೀಕ್ಷಿಸಿದ್ದರೆ ಆಶ್ಚರ್ಯವಿಲ್ಲ. ಆ ವಿಷಯಗಳನ್ನು ನನಗಿಂತ ಚೆನ್ನಾಗಿ ಬಲ್ಲವರು ಈ ಸಂಚಿಕೆಯಲ್ಲಿಯೇ ಬರೆದಿದ್ದಾರೆ. ನಾನು ಬರೆಯಹೊರಟಿರುವುದು ಮೊಣಕಾಲಿನ ಕೆಳಗೆ, ಹಿಂಬದಿಯಲ್ಲಿರುವ ಮೀನಖಂಡದ ಕುರಿತು. ನಮ್ಮೂರಿನ ಹುಡುಗನೊಬ್ಬನ ಯಕ್ಷಗಾನದ ಕಲಿಕೆ ಅದರಿಂದಾಗಿ ನಿಂತೇ ಹೋಗುವುದರಲ್ಲಿತ್ತು.

ನಿವೃತ್ತಿಯ ಬಳಿಕ ಊರ ಮಕ್ಕಳ ಯಕ್ಷಗಾನ ತರಗತಿಯ ಮೇಲ್ವಿಚಾರಣೆ ನನ್ನ ಪಾಲಿಗೆ ಬಂದಿದೆ. ಕುಣಿತ ಕಲಿಸುವ ಗುರುಗಳು ಬೇರೆ. ಹಾಜರಿ, ಶಿಸ್ತು, ಹೆತ್ತವರೊಡನೆ ಮಾತುಕತೆ ನನ್ನದು. ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿದ್ದುಕೊಂಡು ಇಂಥ ಕೆಲಸವನ್ನು ಬೇಡವೆನ್ನಲಾಗದು. ಆ ಹುಡುಗ ಆಗ ಒಂಬತ್ತನೆಯ ತರಗತಿ. ಪುಂಡುವೇಷಕ್ಕೆ ಹೇಳಿ ಮಾಡಿಸಿದ ಮೈಕಟ್ಟು. ನಮ್ಮ ತೆಂಕುತಿಟ್ಟಿನಲ್ಲಿ ಪುಂಡುವೇಷವೆಂದರೆ ದಿಗಿಣ. ಚೆಂಡೆಯ ಪೆಟ್ಟಿಗೆ ಸರಿಯಾಗಿ ನೆಲದಿಂದ ಚಿಮ್ಮಿ, ಗಾಳಿಯಲ್ಲಿ ಸುತ್ತಿ, ಮತ್ತೆ ನೆಲ ಮುಟ್ಟಿ ಮತ್ತೆ ಚಿಮ್ಮುವುದು. ಇದನ್ನು ಸಾಲು ಸಾಲಾಗಿ ಮಾಡಬೇಕು. ಮೈಮೇಲೆ ವೇಷದ ಭಾರ, ಕರಾವಳಿಯ ಸೆಕೆ. ಯಕ್ಷಗಾನವನ್ನು ಕಲೆಯೆಂದು ಹೊಗಳುವ ನಾವು ಅದೊಂದು ಕಠಿಣ ವ್ಯಾಯಾಮವೆಂಬುದನ್ನು ಸುಲಭವಾಗಿ ಮರೆಯುತ್ತೇವೆ.

ಒಂದೇ ವರ್ಷದಲ್ಲಿ ಮೂರು ರಂಗಸ್ಥಳಗಳಲ್ಲಿ ಅವನಿಗೆ ಮೀನಖಂಡ ಸೆಳೆಯಿತು. ಮಾಂಸವು ಕಲ್ಲಿನಂತೆ ಗಡುಸಾಗಿ, ಪಾದ ಕೆಳಮುಖವಾಗಿ ಸೆಟೆದು, ಹುಡುಗ ಚೌಕಿಯ ಚಾಪೆಯ ಮೇಲೆ ಹಲ್ಲು ಕಚ್ಚಿ ಬಿದ್ದುಕೊಂಡಿದ್ದ. ಮೂರನೆಯ ಸಲ ಅವನ ತಂದೆ ನನ್ನ ಬಳಿ ಬಂದು, "ಇನ್ನು ಇವನಿಗೆ ಕುಣಿತ ಬೇಡ ಮಾಸ್ಟ್ರೇ, ತಾಳಮದ್ದಳೆಯಲ್ಲಿ ಕೂತು ಅರ್ಥ ಹೇಳಲಿ" ಎಂದರು. ತಾಳಮದ್ದಳೆ ದೊಡ್ಡ ಕಲೆಯೇ. ಆದರೆ ಹದಿನಾಲ್ಕರ ಹುಡುಗನನ್ನು ಅವನ ಇಷ್ಟದಿಂದ ಎಬ್ಬಿಸಿ ಅಲ್ಲಿ ಕೂರಿಸುವುದು ನನಗೆ ಸರಿತೋರಲಿಲ್ಲ. ಆರು ತಿಂಗಳ ಅವಕಾಶ ಕೇಳಿದೆ.

ಊರಿನ ಸಲಹೆಗಳಿಗೆ ಬರವಿರಲಿಲ್ಲ. ಬೊಂಡ ಕುಡಿಸಿ, ಬಾಳೆಹಣ್ಣು ತಿನ್ನಿಸಿ, ಗಂಜಿ ತಿಳಿಗೆ ಉಪ್ಪು ಹಾಕಿ ಕೊಡಿ ಎಂದರು. ಉಪ್ಪಿನ ಮಾತು ನಿರಾಧಾರವಲ್ಲ. 1920ರ ದಶಕದಲ್ಲಿ ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳ ಬಿಸಿಯಲ್ಲಿ ಬೆವರು ಸುರಿಸಿ ಬರಿಯ ನೀರು ಕುಡಿಯುತ್ತಿದ್ದ ಕೆಲಸಗಾರರಿಗೆ ಸೆಳೆತ ಬರುತ್ತಿತ್ತು. ನೀರಿಗೆ ಉಪ್ಪು ಬೆರೆಸಿದಾಗ ಕಡಿಮೆಯಾಯಿತು. ಆದರೆ ನಮ್ಮ ಹುಡುಗ ಇವೆಲ್ಲವನ್ನೂ ಕುಡಿದೇ ರಂಗಕ್ಕೆ ಹೋಗುತ್ತಿದ್ದ. ಜೊತೆಗಾರರೂ ಅಷ್ಟೇ ಬೆವರುತ್ತಿದ್ದರು, ಅವರಿಗೆ ಏನೂ ಆಗುತ್ತಿರಲಿಲ್ಲ.

ಪುಸ್ತಕಗಳನ್ನು ಹುಡುಕುವುದು ಮೇಷ್ಟರ ಹಳೆಯ ಚಟ. ದಕ್ಷಿಣ ಆಫ್ರಿಕದ ವೈದ್ಯ ಮಾರ್ಟಿನ್ ಶ್ವೆಲ್ನಸ್ ಮತ್ತು ಸಂಗಡಿಗರು 1997ರಲ್ಲಿ ಮಂಡಿಸಿದ ವಿಚಾರ ನನ್ನ ಕಣ್ಣಿಗೆ ಬಿತ್ತು. ಸ್ನಾಯುವಿಗೆ ನರಗಳಿಂದ ಎರಡು ಬಗೆಯ ಅಪ್ಪಣೆಗಳು ನಿರಂತರ ಬರುತ್ತಿರುತ್ತವೆ: ಒಂದು ಬಿಗಿ ಎನ್ನುತ್ತದೆ, ಇನ್ನೊಂದು ಸಡಿಲಿಸು ಎನ್ನುತ್ತದೆ. ಸ್ನಾಯು ಬಹಳ ದಣಿದಾಗ ಸಡಿಲಿಸುವ ಅಪ್ಪಣೆ ಕುಗ್ಗಿ, ಬಿಗಿಯುವ ಅಪ್ಪಣೆಯೇ ಮೇಲುಗೈಯಾಗುತ್ತದೆ. ಸ್ನಾಯು ಮೊದಲೇ ಮೊಟಕಾಗಿರುವ ಭಂಗಿಯಲ್ಲಿ ಈ ಅಪಾಯ ಹೆಚ್ಚು. ಬೆರಳ ತುದಿಯಿಂದ ಚಿಮ್ಮುವಾಗ ಮೀನಖಂಡದ ಸ್ಥಿತಿ ಅದೇ ತಾನೆ! ಅವರು ಮುಂದೆ ದೀರ್ಘಸ್ಪರ್ಧೆಗಳ ಕ್ರೀಡಾಳುಗಳ ರಕ್ತ ಪರೀಕ್ಷಿಸಿದಾಗ, ಸೆಳೆತ ಬಂದವರಿಗೂ ಬಾರದವರಿಗೂ ಲವಣಾಂಶದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಹಿಂದೆ ಸೆಳೆತ ಬಂದವರು, ಮತ್ತು ತಮ್ಮ ಶಕ್ತಿ ಮೀರಿದ ವೇಗದಲ್ಲಿ ಹೊರಟವರು ಹೆಚ್ಚು ತೊಂದರೆಗೊಳಗಾಗಿದ್ದರು.

ಮೇಳದ ಹಿರಿಯ ಕಲಾವಿದರೊಬ್ಬರೂ ಇದನ್ನೇ ತಮ್ಮ ಮಾತಿನಲ್ಲಿ ಹೇಳಿದರು. ಪತ್ತನಾಜೆಗೆ ಗೆಜ್ಜೆ ಬಿಚ್ಚಿ, ಮಳೆಗಾಲ ಕಳೆದು ಮತ್ತೆ ತಿರುಗಾಟಕ್ಕೆ ಹೊರಟ ಮೊದಲ ವಾರಗಳಲ್ಲಿ ಮಾತ್ರ ಕಾಲು ಸೆಳೆಯುತ್ತದಂತೆ; ಆಮೇಲೆ ಪಳಗುತ್ತದಂತೆ. ನಮ್ಮ ಮಕ್ಕಳ ಅಭ್ಯಾಸವೋ ಭಾನುವಾರದ ಒಂದು ಗಂಟೆ, ಪ್ರದರ್ಶನ ಎರಡೂವರೆ ಗಂಟೆ! ಅದೂ ಅಲ್ಲದೆ ಈ ಹುಡುಗ ಚೆಂಡೆಯ ಸದ್ದು ಕೇಳಿದೊಡನೆ ಪ್ರವೇಶದಲ್ಲಿಯೇ ತನ್ನ ಬಲವನ್ನೆಲ್ಲ ಸುರಿದುಬಿಡುತ್ತಿದ್ದ.

ಗುರುಗಳೊಡನೆ ಕೂತು ಮಾತಾಡಿ ಕ್ರಮ ಬದಲಿಸಿದೆವು. ವಾರಕ್ಕೆ ನಾಲ್ಕು ದಿನ ಅಭ್ಯಾಸ. ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲೂರಿ, ಹಿಮ್ಮಡಿಯನ್ನು ಮೇಲೆತ್ತಿ ಬಹಳ ನಿಧಾನವಾಗಿ ಅಂಚಿಗಿಂತ ಕೆಳಗಿಳಿಸುವುದು, ಹದಿನೈದರಂತೆ ಮೂರು ಸುತ್ತು. ದಿಗಿಣವನ್ನು ತರಗತಿಯ ಕೊನೆಗೆ, ಕಾಲು ದಣಿದ ಮೇಲೆ ಹಾಕಿಸುವುದು. ವಾರಕ್ಕೆ ಎರಡೋ ಮೂರೋ ಮಾತ್ರ ಏರಿಕೆ. ಪ್ರವೇಶದಲ್ಲಿ ಅರ್ಧ ಬಲ. ಸೆಳೆತ ಬಂದೇ ಬಿಟ್ಟರೆ ಗುದ್ದುವುದು, ಹಿಸುಕುವುದು ಬೇಡ. ಮೊಣಕಾಲು ನೇರ ಮಾಡಿ ಪಾದದ ಬೆರಳುಗಳನ್ನು ಮೊಣಕಾಲಿನ ಕಡೆಗೆ ಎಳೆದು, ಗಂಟು ಸಡಿಲುವ ವರೆಗೆ ಹಿಡಿಯಬೇಕು. ಹಿಮ್ಮಡಿಯ ಸ್ನಾಯುರಜ್ಜು ಹಿಗ್ಗಿದಾಗ ಸಡಿಲಿಸುವ ಅಪ್ಪಣೆ ಮರಳುತ್ತದೆ.

ಉಪ್ಪಿನಕಾಯಿಯ ಭರಣಿಗೂ ಇಲ್ಲೊಂದು ಸ್ಥಾನವಿದೆ ಎಂದರೆ ಮನೆಯ ಹೆಂಗಸರು ನಕ್ಕಾರು. 2010ರಲ್ಲಿ ಅಮೆರಿಕದ ಕೆವಿನ್ ಮಿಲ್ಲರ್ ಮತ್ತು ಸಂಗಡಿಗರು ವಿದ್ಯುತ್ತಿನಿಂದ ಪಾದದ ಸ್ನಾಯುವಿನಲ್ಲಿ ಸೆಳೆತ ತರಿಸಿ, ಸೌತೆಕಾಯಿಯ ಉಪ್ಪಿನಕಾಯಿ ರಸ ಕುಡಿಸಿದರು. ನೀರು ಕುಡಿದಾಗಿಗಿಂತ ಬೇಗ ಸೆಳೆತ ಇಳಿಯಿತು. ಉಪ್ಪು ರಕ್ತಕ್ಕೆ ಸೇರಲು ಅಷ್ಟು ಹೊತ್ತು ಸಾಲದು. ಗಂಟಲಿಗೆ ತಾಗಿದ ಖಾರ ಹುಳಿಯೇ ನರಗಳನ್ನು ಎಚ್ಚರಿಸಿರಬೇಕೆಂದು ಅವರ ಊಹೆ. ಮಿಡಿ ಮಾವಿನ ಉಪ್ಪುನೀರಿಗೆ ಅದೇ ಗುಣವಿದೆಯೆಂದು ನಾನು ಸಾಧಿಸಲಾರೆ. ರಕ್ತದೊತ್ತಡವಿರುವ ನನ್ನಂಥವರು ಪ್ರಯೋಗಕ್ಕಿಳಿಯುವುದೂ ಬೇಡ.

ನನ್ನ ವಯಸ್ಸಿನವರಿಗೆ ಇನ್ನೊಂದು ಮಾತು. ದಿನವೂ ಬೆಳಿಗ್ಗೆ ಆರು ಕಿಲೋಮೀಟರು ನಡೆಯುವ ನನಗೂ ಸೆಳೆತದ ಪರಿಚಯವಿದೆ, ಮೆಟ್ಟಿಲಿನ ಅಭ್ಯಾಸ ನನಗೂ ಒದಗಿದೆ. ಆದರೆ ಒಂದೇ ಕಾಲು ಊದಿ ಬಿಸಿಯಾದರೆ, ಇಲ್ಲವೆ ನಡೆದಾಗ ನೋವು ಬಂದು ನಿಂತೊಡನೆ ಇಳಿದರೆ, ಅದು ರಕ್ತನಾಳದ ವಿಷಯವಿರಬಹುದು. ವೈದ್ಯರ ಬಳಿಗೆ ಹೋಗಬೇಕು. ಮೂತ್ರ ಹೆಚ್ಚಿಸುವ ಮಾತ್ರೆ, ಕೊಲೆಸ್ಟರಾಲಿನ ಮಾತ್ರೆ ಸೇವಿಸುವವರೂ ಸೆಳೆತದ ಸಂಗತಿಯನ್ನು ವೈದ್ಯರಿಗೆ ಹೇಳಬೇಕು.

ಆರನೆಯ ತಿಂಗಳು ಹುಡುಗನಿಗೆ ಅಭಿಮನ್ಯುವಿನ ವೇಷ. ಕೊನೆಯ ಏರುಪದದಲ್ಲಿ ಅವನ ಎಡಗಾಲು ಒಮ್ಮೆ ಅದುರಿದ್ದು ನನಗೆ ಕಂಡಿತು. ಅವನು ದಿಗಿಣ ಬಿಟ್ಟು, ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ನಿಂತು, ಕೈಯ ಅಭಿನಯದಲ್ಲಿಯೇ ತಾಳ ತುಂಬಿದ. ಭಾಗವತರು ಅರಿತವರು, ಅದೇ ಸಾಲನ್ನು ಮತ್ತೊಮ್ಮೆ ಎತ್ತಿದರು. ಸಭೆಗೆ ಏನೂ ತಿಳಿಯಲಿಲ್ಲ. ಮತ್ತೆ ಹನ್ನೊಂದು ದಿಗಿಣ ಹಾಕಿ ಒಳಗೆ ಹೋದ.

ಮುಂದಿನ ಸಾಲಿನಲ್ಲಿ ಕುಳಿತಿದ್ದ ತಂದೆಯ ದೂರು ಈಗ ಬೇರೆ: "ಯಾವಾಗ ನೋಡಿದರೂ ಮನೆಯ ಮೆಟ್ಟಿಲ ಮೇಲೆ ನಿಂತಿರುತ್ತಾನೆ ಮಾಸ್ಟ್ರೇ, ಒಳಗೆ ಹೋಗುವವರಿಗೆ ದಾರಿಯಿಲ್ಲ."