ಎರಡು ದಿನ ತಡವಾಗಿ ಹುಟ್ಟಿದವರು

ಶಾಲೆಯ ದಾಖಲೆಯ ಪ್ರಕಾರ ನಾನು ಹುಟ್ಟಿದ್ದು ಜೂನ್ 1ರಂದು. ಅವ್ವನ ಪ್ರಕಾರ ನವರಾತ್ರಿಯಲ್ಲಿ, ಬನ್ನಿ ಮುಡಿಯುವ ಹಿಂದಿನ ದಿನ. ಅಪ್ಪ ನನ್ನನ್ನು ಒಂದನೇ ಇಯತ್ತೆಗೆ ಹಾಕಲು ಕರೆದೊಯ್ದಾಗ ಹೆಡ್‌ಮಾಸ್ತರರು ನನ್ನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸಿ ನೋಡಿದರು. ಮುಟ್ಟಿತು. ‘ಆತು, ಸೇರಿಸ್ರಿ’ ಎಂದವರೇ ಜೂನ್ 1 ಎಂದು ಬರೆದುಕೊಂಡರು. ನನ್ನ ತಲೆಮಾರಿನ ಎಷ್ಟೋ ಜನ ಹೀಗೆ ಒಂದೇ ದಿನ ಹುಟ್ಟಿದವರು. ಹೆಡ್‌ಮಾಸ್ತರರ ಕೃಪೆಯಿಂದ ನಾನು ನಾಲ್ಕು ತಿಂಗಳು ಮೊದಲೇ ನಿವೃತ್ತನಾಗಲಿದ್ದೇನೆ. ಅದೊಂದನ್ನು ಬಿಟ್ಟರೆ ಜನ್ಮದಿನಾಂಕದಿಂದ ಮನುಷ್ಯನ ಹಣೆಬರಹ ಬದಲಾಗುತ್ತದೆ ಎಂಬ ಮಾತನ್ನು ಜ್ಯೋತಿಷಿಗಳಿಗೆ ಬಿಟ್ಟು ನಗುತ್ತಿದ್ದವನು ನಾನು. ಹೇಳಿಕೇಳಿ ವಿಜ್ಞಾನದ ಮೇಷ್ಟ್ರು. ಆ ನಗುವನ್ನು ನಿಲ್ಲಿಸಿದ್ದು, ನಾನು ಎಂದೂ ಕಣ್ಣಾರೆ ಕಾಣದ ಒಂದು ಆಟ.

ನನ್ನ ತಂಗಿ ಕೆನಡಾದಲ್ಲಿ, ಟೊರಾಂಟೊ ಹತ್ತಿರದ ಊರೊಂದರಲ್ಲಿದ್ದಾಳೆ. ಅವಳ ಒಂಬತ್ತು ವರ್ಷದ ಮಗ ಅಲ್ಲಿಯ ಹುಡುಗರಂತೆ ಐಸ್ ಹಾಕಿಯ ಹುಚ್ಚು ಹಿಡಿಸಿಕೊಂಡವನು. ಒಂದು ದಿನ ಫೋನಿನಲ್ಲಿ ಅವಳ ದನಿ ಒಡೆದಿತ್ತು. ‘ಅಣ್ಣಾ, ಇವನ್ನ ಟೀಮಿಗೆ ತೊಗೊಳ್ಳಲಿಲ್ಲ. ಸಣ್ಣವ ಇದಾನ, ಸ್ಪೀಡ್ ಸಾಲೂದಿಲ್ಲ ಅಂದ್ರು. ಸ್ಕೇಟ್ಸ್ ಮೂಲೆಗೆ ಒಗದು ಕೂತಾನ.’ ಸಮಾಧಾನದ ನಾಲ್ಕು ಮಾತು ಹೇಳಿ ಫೋನ್ ಇಟ್ಟೆ. ಆದರೆ ಮನಸ್ಸು ಕೇಳಲಿಲ್ಲ. ಅಳಿಯನ ಆಟದಲ್ಲಿ ದೊಡ್ಡವರಾದವರು ಹೇಗೆ ದೊಡ್ಡವರಾದರೆಂದು ಹುಡುಕುತ್ತ ಕುಳಿತೆ.

ನಮ್ಮ ಧ್ಯಾನ್‌ಚಂದರ ಹಾಕಿಗೆ ಈ ಆಟ ದೂರದ ನೆಂಟ. ಹುಲ್ಲಿನ ಬದಲು ಮಂಜುಗಡ್ಡೆ, ಚೆಂಡಿನ ಬದಲು ಕಪ್ಪು ರಬ್ಬರಿನ ಬಿಲ್ಲೆ, ಕಾಲಿಗೆ ಅಲಗು ಕೂಡಿಸಿದ ಬೂಟು, ಗೋಲಿಯೂ ಸೇರಿ ಬದಿಗೆ ಆರೇ ಮಂದಿ. ಅಮೆರಿಕ ಮತ್ತು ಕೆನಡಾ ತಂಡಗಳ ನ್ಯಾಷನಲ್ ಹಾಕಿ ಲೀಗ್ 1963ರಿಂದ ‘ಡ್ರಾಫ್ಟ್’ ಎಂಬ ಆಯ್ಕೆ ನಡೆಸುತ್ತ ಬಂದಿದೆ. ನಮ್ಮ ಐಪಿಎಲ್‌ನಂತೆ ಅಲ್ಲಿ ಹಣ ಕೂಗುವುದಿಲ್ಲ. ತಂಡಗಳು ಸರದಿಯಂತೆ ಒಬ್ಬೊಬ್ಬ ಹುಡುಗನನ್ನು ಆರಿಸಿಕೊಳ್ಳುತ್ತವೆ. ಹಿಂದಿನ ಸಾಲಿನಲ್ಲಿ ಸೋತು ಸುಣ್ಣವಾದ ತಂಡಗಳಿಗೆ ಮೊದಲ ಸರದಿ ಸಿಗುವ ಸಂಭವ ಹೆಚ್ಚು. ಆ ವರ್ಷ ಸೆಪ್ಟೆಂಬರ್ 15ರೊಳಗೆ 18 ತುಂಬುವವರು ಅರ್ಹರು. ಮೊದಲನೆಯವನಾಗಿ ಹೆಸರು ಕರೆಸಿಕೊಳ್ಳುವುದೆಂದರೆ ನಮ್ಮಲ್ಲಿ ಎಸ್ಸೆಸ್ಸೆಲ್ಸಿಗೆ ರಾಜ್ಯಕ್ಕೇ ಮೊದಲು ಬಂದ ಹಾಗೆ.

ಇದು ಹದಿನೆಂಟರ ಲೆಕ್ಕ. ಮಕ್ಕಳ ಲೆಕ್ಕ ಬೇರೆ. ಕೆನಡಾದಲ್ಲಿ ಬಾಲಕರ ತಂಡಗಳನ್ನು ವಿಂಗಡಿಸುವುದು ಜನವರಿ 1ರಿಂದ. 1980ರ ದಶಕದ ಆರಂಭದಲ್ಲಿ ರೋಜರ್ ಬಾರ್ನ್ಸ್‌ಲಿ ಎಂಬ ಮನಶ್ಶಾಸ್ತ್ರಜ್ಞರು ಆಲ್ಬರ್ಟಾ ಪ್ರಾಂತ್ಯದ ಲೆಥ್‌ಬ್ರಿಜ್‌ನಲ್ಲಿ ಕಿರಿಯರ ಪಂದ್ಯವೊಂದನ್ನು ನೋಡಲು ಹೆಂಡತಿಯೊಡನೆ ಹೋಗಿದ್ದರು. ಆಟಗಾರರ ವಿವರವಿದ್ದ ಕಿರುಹೊತ್ತಗೆಯ ಪುಟ ತಿರುವುತ್ತಿದ್ದ ಹೆಂಡತಿ ಪೌಲಾ ಅವರಿಗೆ ಒಂದು ಸಂಗತಿ ವಿಚಿತ್ರವೆನಿಸಿತು: ಬಹುಪಾಲು ಹುಡುಗರು ಜನವರಿ, ಫೆಬ್ರುವರಿ, ಮಾರ್ಚ್‌ನಲ್ಲಿ ಹುಟ್ಟಿದವರು. ಗಂಡ ಮನೆಗೆ ಬಂದು ಲೆಕ್ಕ ಹಾಕಿದರು. ಮೇಲ್ಮಟ್ಟದ ತಂಡಗಳಲ್ಲಿ ಸುಮಾರು ಶೇ 40 ಮಂದಿ ವರ್ಷದ ಮೊದಲ ಮೂರು ತಿಂಗಳವರು, ಕೊನೆಯ ಮೂರು ತಿಂಗಳವರು ಶೇ 10 ಮಾತ್ರ.

ಇದರಲ್ಲಿ ಗ್ರಹಗತಿ ಏನೂ ಇಲ್ಲ. ಒಂಬತ್ತು ವರ್ಷದ ಹುಡುಗ ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳೆಯುತ್ತಾನೆ. ಜನವರಿಯವನೂ ಡಿಸೆಂಬರಿನವನೂ ಒಂದೇ ಸಾಲಿನಲ್ಲಿ ನಿಂತಾಗ ಒಬ್ಬನ ಬೆಳವಣಿಗೆ ಇನ್ನೊಬ್ಬನ ಕಣ್ಣಿಗೆ ಪ್ರತಿಭೆಯಂತೆ ಕಾಣುತ್ತದೆ. ದೊಡ್ಡವನು ಆಯ್ಕೆಯಾಗುತ್ತಾನೆ, ಒಳ್ಳೆಯ ತರಬೇತಿ, ಹೆಚ್ಚು ಪಂದ್ಯ ಅವನ ಪಾಲಿಗೆ. ಎರಡು ವರ್ಷದಲ್ಲಿ ಅವನು ನಿಜವಾಗಿಯೂ ಮೇಲಾಗಿರುತ್ತಾನೆ. ಆರಿಸಿದವರು ‘ನೋಡಿ, ನಮ್ಮ ಕಣ್ಣು ತಪ್ಪಲಿಲ್ಲ’ ಎನ್ನುತ್ತಾರೆ. ನನ್ನ ಅಳಿಯ ಹುಟ್ಟಿದ್ದು ಡಿಸೆಂಬರ್ 22ಕ್ಕೆ.

ಹಾಗಾದರೆ ಡ್ರಾಫ್ಟಿನ ಮೊದಲಿಗರೆಲ್ಲ ಜನವರಿಯವರೇ ಇರಬೇಕಲ್ಲ ಎಂದು ಹಳೆಯ ನೋಟ್‌ಬುಕ್ಕಿನಲ್ಲಿ ಕೋಷ್ಟಕ ಹಾಕಿದೆ. 2015ರ ಮೊದಲಿಗ ಕಾನರ್ ಮೆಕ್‌ಡೇವಿಡ್ ಹುಟ್ಟಿದ್ದು 1997ರ ಜನವರಿ 13ರಂದು. ಸೂತ್ರಕ್ಕೆ ಸರಿಯಾಗಿ ಕುಳಿತ. ಆದರೆ ಅವನು ಓರಗೆಯವರಲ್ಲಿ ದೊಡ್ಡವನಾಗಿ ಮೆರೆದು ಬೆಳೆದವನಲ್ಲ. ಆರನೇ ವಯಸ್ಸಿಗೇ ತಂದೆತಾಯಿ ಅವನನ್ನು ಹಿರಿಯ ಹುಡುಗರ ಜೊತೆ ಆಡಿಸಬಯಸಿದರು. ಊರಿನವರು ಒಪ್ಪದಿದ್ದಾಗ ಪಕ್ಕದ ಊರಿಗೆ ಹೋಗಿ ಆಡಿಸಿದರು. 2005ರ ಮೊದಲಿಗ ಸಿಡ್ನಿ ಕ್ರಾಸ್ಬಿ ಆಗಸ್ಟ್ 7ರವನು. ನೆಲಮಾಳಿಗೆಯಲ್ಲಿ ಬಿಲ್ಲೆ ಹೊಡೆಯುವ ಅಭ್ಯಾಸ ಮಾಡುತ್ತ ಮನೆಯ ಬಟ್ಟೆ ಒಣಗಿಸುವ ಯಂತ್ರವನ್ನು ತಗ್ಗುದಿಬ್ಬ ಮಾಡಿದ. ಆ ಯಂತ್ರ ಮುಂದೆ ವಸ್ತುಸಂಗ್ರಹಾಲಯ ಸೇರಿತು. ಅವನದೇ ಊರು ಕೋಲ್ ಹಾರ್ಬರಿನ ನೇಥನ್ ಮೆಕಿನನ್ 2013ರ ಮೊದಲಿಗ. ಹುಟ್ಟಿದ್ದು ಸೆಪ್ಟೆಂಬರ್ 1. 1984ರ ಮೊದಲಿಗ ಮಾರಿಯೊ ಲೆಮ್ಯೂ ಅಕ್ಟೋಬರ್ 5ರವನು.

ಇವರಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದವರು ಇಬ್ಬರು. ರಷ್ಯದ ಅಲೆಕ್ಸಾಂಡರ್ ಒವೆಚ್ಕಿನ್ ಹುಟ್ಟಿದ್ದು 1985ರ ಸೆಪ್ಟೆಂಬರ್ 17ರಂದು. ಅಮೆರಿಕದ ಆಸ್ಟನ್ ಮ್ಯಾಥ್ಯೂಸ್ ಹುಟ್ಟಿದ್ದು 1997ರ ಸೆಪ್ಟೆಂಬರ್ 17ರಂದು. ಇಬ್ಬರೂ ಗಡುವಿಗೆ ಎರಡು ದಿನ ತಡ. ಇಬ್ಬರೂ ಒಂದು ವರ್ಷ ಕಾಯಬೇಕಾಯಿತು. ಒವೆಚ್ಕಿನ್‌ನನ್ನು 2003ರಲ್ಲೇ ಗಿಟ್ಟಿಸಬೇಕೆಂದು ಫ್ಲಾರಿಡಾ ತಂಡದವರು ಹೂಡಿದ ವಾದವನ್ನು ನಾನು ಎಂಟನೇ ತರಗತಿಗೆ ಲೆಕ್ಕವಾಗಿ ಕೊಟ್ಟಿದ್ದೇನೆ: ಹುಟ್ಟಿದಂದಿನಿಂದ ನಾಲ್ಕು ಅಧಿಕ ವರ್ಷಗಳು ಬಂದಿವೆ, ಆ ನಾಲ್ಕು ದಿನ ಕೂಡಿಸಿದರೆ ಹುಡುಗನಿಗೆ ಸೆಪ್ಟೆಂಬರ್ 13ಕ್ಕೇ 18 ತುಂಬುತ್ತದೆ! ಲೀಗು ಒಪ್ಪಲಿಲ್ಲ. 2004ರಲ್ಲಿ ವಾಷಿಂಗ್ಟನ್ ತಂಡ ಅವನನ್ನು ಮೊದಲನೆಯವನಾಗಿ ಆರಿಸಿತು. 2025ರ ಏಪ್ರಿಲ್ 6ರಂದು 895ನೇ ಗೋಲು ಹೊಡೆದು ಅವನು ವೇಯ್ನ್ ಗ್ರೆಟ್‌ಸ್ಕಿಯ ದಾಖಲೆ ಮುರಿದ.

ಮ್ಯಾಥ್ಯೂಸ್ ಬೆಳೆದದ್ದು ಅರಿಜೋನಾದಲ್ಲಿ, ಮರುಭೂಮಿಯ ಸೀಮೆಯಲ್ಲಿ. ಇಕ್ಕಟ್ಟಿನ ರಿಂಕಿನಲ್ಲಿ ಮೂವರ ಎದುರು ಮೂವರು ಆಡುವ ಆಟವೇ ಅವನ ಪಾಠಶಾಲೆ. ಕಾಯಬೇಕಾದ ವರ್ಷದಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್‌ಗೆ ಹೋಗಿ ಮೀಸೆ ಬಲಿತ ಗಂಡಸರ ಜೊತೆ ಆಡಿದ. 2016ರಲ್ಲಿ ಟೊರಾಂಟೊ ಅವನನ್ನು ಮೊದಲನೆಯವನಾಗಿ ಆರಿಸಿತು. ಲೀಗಿನ ತನ್ನ ಮೊದಲ ಪಂದ್ಯದಲ್ಲೇ ನಾಲ್ಕು ಗೋಲು ಹೊಡೆದ.

ಮೊದಲ ಸ್ಥಾನವೇ ಕೊನೆಯ ಮಾತೂ ಅಲ್ಲ. 1993ರಲ್ಲಿ ಒಟ್ಟಾವಾ ತಂಡ ಅಲೆಕ್ಸಾಂಡರ್ ಡೇಗ್ಲ್‌ನನ್ನು ಮೊದಲು ಆರಿಸಿ ಐದು ವರ್ಷಕ್ಕೆ 1.2 ಕೋಟಿ ಡಾಲರಿಗೂ ಮಿಕ್ಕಿದ ಒಪ್ಪಂದ ಮಾಡಿಕೊಂಡಿತು. ಎರಡನೆಯವನನ್ನು ಯಾರೂ ನೆನಪಿಡುವುದಿಲ್ಲ ಎಂದು ಹುಡುಗ ಉತ್ಸಾಹದಲ್ಲಿ ಅಂದುಬಿಟ್ಟ. ಎರಡನೆಯವನು ಕ್ರಿಸ್ ಪ್ರಾಂಗರ್. 2000ದಲ್ಲಿ ಲೀಗಿನ ಅತ್ಯಮೂಲ್ಯ ಆಟಗಾರ, 2007ರಲ್ಲಿ ಸ್ಟ್ಯಾನ್ಲಿ ಕಪ್ ಎತ್ತಿದವನು, 2015ರಲ್ಲಿ ಹಾಕಿಯ ಕೀರ್ತಿಭವನ ಸೇರಿದವನು. ಡೇಗ್ಲ್ 616 ಪಂದ್ಯ ಆಡಿದ, ಅದೇನು ಕಡಿಮೆಯಲ್ಲ. ಆದರೆ ಹದಿನೆಂಟಕ್ಕೆ ಹಣೆಗೆ ಅಂಟಿಸಿದ ಚೀಟಿಯ ಭಾರಕ್ಕೆ ಅದೂ ಕಡಿಮೆಯಾಗಿಯೇ ಕಂಡಿತು.

ರಾಬರ್ಟ್ ಡೀನರ್ ಮತ್ತು ಸಂಗಡಿಗರು 1980ರಿಂದ 2006ರವರೆಗೆ ಡ್ರಾಫ್ಟ್ ಆದ ಕೆನಡಾದ ಆಟಗಾರರ ಲೆಕ್ಕವನ್ನು 2013ರಲ್ಲಿ ಪ್ರಕಟಿಸಿದರು. ಜುಲೈಯಿಂದ ಡಿಸೆಂಬರ್‌ವರೆಗೆ ಹುಟ್ಟಿದವರು ಆಯ್ಕೆಯಾದವರಲ್ಲಿ ಶೇ 34 ಮಾತ್ರ. ಆದರೆ ಲೀಗಿನಲ್ಲಿ ಆಡಿದ ಪಂದ್ಯಗಳಲ್ಲಿ ಶೇ 42, ಗಳಿಸಿದ ಅಂಕಗಳಲ್ಲಿ ಶೇ 44 ಅವರ ಪಾಲು. ಆರಿಸುವವರು ಅವರನ್ನು ಸತತವಾಗಿ ಕಡಿಮೆ ಅಂದಾಜು ಮಾಡಿದ್ದರು.

ಇದನ್ನು ಓದಿ ಖುಷಿಯಿಂದ ತಂಗಿಗೆ ಫೋನ್ ಮಾಡಲು ಹೊರಟವನು ತಡೆದೆ. ನನ್ನ ಕೋಷ್ಟಕದಲ್ಲಿ ಇರುವವರು ಉಳಿದವರು ಮಾತ್ರ. ಒಂಬತ್ತನೇ ವಯಸ್ಸಿನಲ್ಲಿ ಸ್ಕೇಟ್ಸ್ ಮೂಲೆಗೆಸೆದ ಹುಡುಗರಿಗೆ ಯಾವ ಕೋಷ್ಟಕದಲ್ಲೂ ಜಾಗವಿಲ್ಲ. ಕಷ್ಟ ಮನುಷ್ಯನನ್ನು ಗಟ್ಟಿ ಮಾಡುತ್ತದೆ ಎಂದು ಗಟ್ಟಿಯಾಗಿ ಉಳಿದವರನ್ನಷ್ಟೇ ನೋಡಿ ಹೇಳುವುದು ವಿಜ್ಞಾನವಲ್ಲ. ಒವೆಚ್ಕಿನ್ ಕೂಡ ಬಾಲ್ಯದಲ್ಲಿ ಆಟ ಬಿಟ್ಟಿದ್ದ. ರಿಂಕಿಗೆ ಕರೆದೊಯ್ಯಲು ಅಪ್ಪ ಅಮ್ಮನಿಗೆ ಬಿಡುವಿರಲಿಲ್ಲ. ಈ ಹುಡುಗ ಬಿಡಬಾರದು ಎಂದು ಪಟ್ಟು ಹಿಡಿದವರು ಒಬ್ಬ ತರಬೇತುದಾರರು.

ಆಗ ನನಗೆ ನೆನಪಾದದ್ದು ಇಪ್ಪತ್ತೈದು ವರ್ಷದ ಹಿಂದಿನ ಒಬ್ಬ ಹುಡುಗ. ವಿಜ್ಞಾನ ವಸ್ತುಪ್ರದರ್ಶನಕ್ಕೆ ಪ್ರತಿ ವರ್ಷ ನಾನು ಆರಿಸುತ್ತಿದ್ದುದು ಮುಂದಿನ ಬೆಂಚಿನ ಜಾಣರನ್ನು. ಗೋಡೆ ಬದಿಗೆ ಕೂರುತ್ತಿದ್ದ ಸಣ್ಣ ಆಳಿನ ಆ ಹುಡುಗ ಸ್ಟಾಫ್ ರೂಮಿನ ಬಾಗಿಲಿಗೆ ಬಂದು, ‘ಸರ್, ನಾನೂ ಬರಲೇನ್ರಿ?’ ಎಂದಿದ್ದ. ‘ಮುಂದಿನ ವರ್ಷ ನೋಡೋಣಂತ’ ಎಂದಿದ್ದೆ. ಮುಂದಿನ ವರ್ಷ ಅವನು ಶಾಲೆಯಲ್ಲೇ ಇರಲಿಲ್ಲ. ಅಪ್ಪ ಬಂದು ಟಿ.ಸಿ. ಒಯ್ದಿದ್ದ. ಮರುದಿನ ಶಾಲೆಗೆ ಹೋದವನೇ ಹಳೆಯ ದಾಖಲಾತಿ ಪುಸ್ತಕ ತೆಗೆಸಿ ನೋಡಿದೆ. ಆ ಹೊತ್ತಿಗೆ ಜೂನ್ 1ರ ಕಾಲ ಬಹುಮಟ್ಟಿಗೆ ಮುಗಿದು ನಿಜವಾದ ದಿನಾಂಕಗಳು ಬರತೊಡಗಿದ್ದವು. ಇಡೀ ತರಗತಿಗೆ ಅವನೇ ಕಿರಿಯ. ನನ್ನ ಜಾಣರಿಗೂ ಅವನಿಗೂ ಹತ್ತು ತಿಂಗಳ ಅಂತರ. ಅವನು ಏನಾಗುತ್ತಿದ್ದನೋ ನಾನು ಹೇಳಲಾರೆ. ಒವೆಚ್ಕಿನ್‌ನಿಗೆ ಮುಂದಿನ ವರ್ಷವೊಂದಿತ್ತು, ಅವನಿಗೆ ಇರಲಿಲ್ಲ. ಅಷ್ಟು ಮಾತ್ರ ಗೊತ್ತು.

ಈಗ ವಸ್ತುಪ್ರದರ್ಶನಕ್ಕೆ ಹೆಸರು ಬರೆಯುವ ಮುನ್ನ ಹಾಜರಿ ಪುಸ್ತಕದ ಜನ್ಮದಿನಾಂಕದ ಸಾಲಿನ ಮೇಲೆ ಒಮ್ಮೆ ಬೆರಳಾಡಿಸುತ್ತೇನೆ. ಕೇಳಲು ಬಂದವರನ್ನು ಬೇಡವೆನ್ನುವುದಿಲ್ಲ. ಬ್ಯಾಟರಿಗೆ ತಂತಿ ಹಿಡಿಯುವ ಕೆಲಸವಾದರೂ ಇದ್ದೇ ಇರುತ್ತದೆ.

ತಂಗಿಗೆ ಅಂಕಿಅಂಶ ಹೇಳಲಿಲ್ಲ. ‘ಆಯ್ಕೆ ಇಲ್ಲದ, ಎಲ್ಲರನ್ನೂ ಆಡಿಸುವ ತಂಡ ಇದ್ದರೆ ಅದಕ್ಕೆ ಹಾಕು, ಬಿಡಿಸಬೇಡ’ ಎಂದಷ್ಟೇ ಹೇಳಿದೆ. ಹಾಕಿದಳು. ಮೊನ್ನೆ ಅಳಿಯನೇ ಫೋನಿಗೆ ಬಂದ. ‘ಮಾಮಾ, ಇವತ್ತು ಗೋಲ್ ಹೊಡೆಯಲಿಲ್ಲ. ಆದರೆ ಮೂರು ಸಲ ಬಿದ್ದೆ’ ಎಂದ, ಅದೇ ದೊಡ್ಡ ಸಾಧನೆ ಎಂಬಂತೆ. ಎದ್ದೆಯಾ ಎಂದು ಕೇಳಿದೆ. ‘ಮತ್ತೇನು, ಅಲ್ಲೇ ಕೂತಿರ್ತೀನಾ?’ ಎಂದು ನಕ್ಕ.